ಆರದ ಒಲೆಯ ಅನ್ನದಾತ: ವಡಲೂರು ಶ್ರೀ ರಾಮಲಿಂಗ ಸ್ವಾಮಿಗಳ ಚರಿತ್ರೆ

ತಿರುತ್ತಣಿ ಬೆಟ್ಟವನ್ನು ಹತ್ತಿ ಬಂದ ಭಕ್ತ ಮಹಾಶಯರೇ,

ವರ್ಷದ ದಿನಕ್ಕೊಂದರಂತೆ 365 ಮೆಟ್ಟಿಲು ಏರಿ, ಶ್ರೀ ಸುಬ್ರಹ್ಮಣ್ಯ ಸ್ವಾಮಿಯ ದರ್ಶನ ಮುಗಿಸಿ, ಈಗ ತಾನೇ ನೆರಳಿನಲ್ಲಿ ಕುಳಿತಿದ್ದೀರಿ. ಬೆಂಗಳೂರಿನಿಂದಲೋ ಕೋಲಾರದಿಂದಲೋ ಕಾವಡಿ ಹೊತ್ತು ಬಂದವರೂ ನಿಮ್ಮಲ್ಲಿ ಇರಬಹುದು. ಆಡಿ ಕೃತ್ತಿಕೆಗೆ ಬಂದವರಾದರೆ ಬೆಳಗಿನಿಂದ ಉಪವಾಸ ಬೇರೆ. ಈಗ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಅದು ಸಹಜ. ಆ ಹಸಿವನ್ನು ಒಂದು ಗಳಿಗೆ ಹಾಗೇ ಇಟ್ಟುಕೊಂಡು ಈ ಚರಿತ್ರೆ ಓದಿ.

ಆರು ಪ್ರಸಿದ್ಧ ಮುರುಗನ್ ಕ್ಷೇತ್ರಗಳಲ್ಲಿ ಈ ಬೆಟ್ಟ ಐದನೆಯದು. ಸೂರಪದ್ಮನ ಸಂಹಾರವಾದ ಮೇಲೆ ಸ್ವಾಮಿಯ ಕೋಪ ತಣಿದ ಜಾಗ ಇದು, ಆದ್ದರಿಂದಲೇ ತಣಿಕೈ, ತಿರುತ್ತಣಿ ಅಂತ ಹೆಸರು ಬಂತು ಎಂದು ಸ್ಥಳಪುರಾಣ ಹೇಳುತ್ತದೆ. ತಣಿಯುವುದು ಅನ್ನುವ ಮಾತು ನಮ್ಮ ಕನ್ನಡದಲ್ಲೂ ಉಂಟು. ಕೋಪ ತಣಿಯುತ್ತದೆ, ಬಾಯಾರಿಕೆ ತಣಿಯುತ್ತದೆ, ಹಸಿವೂ ತಣಿಯುತ್ತದೆ. ಈ ಬೆಟ್ಟದ ಸ್ವಾಮಿಯನ್ನು ನಂಬಿ, ಹಸಿದವರ ಹೊಟ್ಟೆ ತಣಿಸುವುದನ್ನೇ ದೊಡ್ಡ ಪೂಜೆಯೆಂದು ತಿಳಿದು ಬಾಳಿದ ಒಬ್ಬ ಮಹಾತ್ಮರ ಕಥೆ ಇದು. ತಮಿಳುನಾಡಿನವರು ಅವರನ್ನು ವಳ್ಳಲಾರ್ ಅಂತ ಕರೀತಾರೆ. ಎಂದರೆ ಮಹಾದಾನಿ. ಅವರ ಹೆಸರು ಶ್ರೀ ರಾಮಲಿಂಗ ಸ್ವಾಮಿಗಳು.

ಆಶ್ಚರ್ಯ ಏನೆಂದರೆ, ಮಹಾದಾನಿ ಅಂತ ಹೆಸರು ಪಡೆದ ಇವರ ಬಳಿ ಕೊಡಲಿಕ್ಕೆ ಸ್ವಂತದ್ದು ಅಂತ ಒಂದು ಕಾಸೂ ಇರಲಿಲ್ಲ.

ಜನನ

ನಮ್ಮ ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ. ಅದರ ಮರುವರ್ಷವೇ, 1823ರ ಅಕ್ಟೋಬರ್ 5ರಂದು, ದೂರದ ತಮಿಳುನಾಡಿನಲ್ಲಿ ಚಿದಂಬರದ ಸಮೀಪ ಮರುದೂರು ಎಂಬ ಹಳ್ಳಿಯಲ್ಲಿ ರಾಮಲಿಂಗರು ಹುಟ್ಟಿದರು. ಒಂದು ದಾಸೋಹದ ದೀಪ ಇನ್ನೊಂದನ್ನು ಹಚ್ಚಿ ಹೋಯಿತೇನೋ ಎಂದು ಕನ್ನಡದ ಭಕ್ತರಿಗೆ ಅನ್ನಿಸದೆ ಇರದು.

ತಂದೆ ರಾಮಯ್ಯ ಪಿಳ್ಳೈ, ಊರಿನ ಲೆಕ್ಕ ಬರೆಯುವ ಕರಣಿಕರು. ತಾಯಿ ಚಿನ್ನಮ್ಮೈ. ಐವರು ಮಕ್ಕಳಲ್ಲಿ ರಾಮಲಿಂಗರೇ ಕಿರಿಯರು. ಐದು ತಿಂಗಳ ಕೂಸನ್ನು ಎತ್ತಿಕೊಂಡು ತಂದೆತಾಯಿ ಚಿದಂಬರದ ನಟರಾಜನ ಸನ್ನಿಧಿಗೆ ಹೋದರಂತೆ. ಚಿದಂಬರ ರಹಸ್ಯದ ತೆರೆ ಸರಿಸಿ ಆರತಿ ಎತ್ತಿದಾಗ ಮಗು ಕಿಲಕಿಲ ನಕ್ಕಿತು, ಅಲ್ಲಿದ್ದ ದೀಕ್ಷಿತರು ಇದು ಸಾಮಾನ್ಯ ಶಿಶುವಲ್ಲ ಎಂದು ತಿಳಿದು ಎತ್ತಿ ಮುದ್ದಾಡಿದರು ಎಂದು ಭಕ್ತರು ಹೇಳುತ್ತಾರೆ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. 1824ರಲ್ಲಿ, ಮಗುವಿಗೆ ಇನ್ನೂ ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಚಿನ್ನಮ್ಮೈಯವರು ಮಕ್ಕಳನ್ನು ಕಟ್ಟಿಕೊಂಡು ಪೊನ್ನೇರಿಯ ಬಳಿಯ ತವರೂರಿಗೆ ಬಂದು, ಅಲ್ಲಿಂದ ಮದರಾಸು ಪಟ್ಟಣ ಸೇರಿದರು. ದೊಡ್ಡ ಮಗ ಸಭಾಪತಿ ಪುರಾಣ ಪ್ರವಚನ ಮಾಡಿ ಸಂಪಾದಿಸಿ ಸಂಸಾರ ಎಳೆದರು. ಪ್ರವಚನದ ಕಾಣಿಕೆಯಿಂದಲೇ ಮನೆಯ ಒಲೆ ಉರಿಯಬೇಕಾಗಿತ್ತು.

ಅತ್ತಿಗೆಯ ಕೈತುತ್ತು

ತಮ್ಮನೂ ತನ್ನ ಹಾಗೆ ಓದಿ ವಿದ್ವಾಂಸನಾಗಲಿ ಅಂತ ಅಣ್ಣನಿಗೆ ಆಸೆ. ಹೆಸರಾಂತ ಗುರುಗಳ ಬಳಿ ಪಾಠಕ್ಕೆ ಹಾಕಿದರು. ಆದರೆ ಹುಡುಗ ಪಾಠಕ್ಕೆ ಹೊರಟವನು ಮದರಾಸಿನ ಕಂದಕೋಟದ ಮುರುಗನ್ ಗುಡಿಗೆ ಹೋಗಿ ಕೂತುಬಿಡುತ್ತಿದ್ದ. ಅಲ್ಲೇ ಹಾಡು ಕಟ್ಟಿ ಹಾಡುತ್ತಿದ್ದ. ಎಷ್ಟು ಹೇಳಿದರೂ ಕೇಳಲಿಲ್ಲ. ಅಣ್ಣನಿಗೆ ಸಿಟ್ಟು ಬಂತು. ಓದದವನಿಗೆ ಈ ಮನೆಯಲ್ಲಿ ಊಟ ಹಾಕಬೇಡ ಅಂತ ಹೆಂಡತಿಗೆ ಕಟ್ಟಪ್ಪಣೆ ಮಾಡಿದರು.

ಗಂಡನ ಮಾತು ಮೀರುವ ಹಾಗಿಲ್ಲ. ಹಸಿದ ಮೈದುನನನ್ನು ನೋಡಿ ಸುಮ್ಮನಿರುವ ಹಾಗೂ ಇಲ್ಲ. ಆ ತಾಯಿ ಒಂದು ಉಪಾಯ ಮಾಡಿದಳು. ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ ಹುಡುಗನನ್ನು ಹಿತ್ತಲ ಬಾಗಿಲಿನಿಂದ ಕರೆದು ಅನ್ನ ಹಾಕುತ್ತಿದ್ದಳು. ಹುಡುಗ ಉಂಡು ಮತ್ತೆ ಹೊರಗೆ ಹೋಗುತ್ತಿದ್ದ.

ಹೀಗಿರುವಾಗ ತಂದೆಯ ತಿಥಿ ಬಂತು. ಮನೆ ತುಂಬ ಜನ. ಒಳಗೆ ಪಂಕ್ತಿಯಲ್ಲಿ ಬಂಧುಬಳಗ ಹಬ್ಬದೂಟ ಉಣ್ಣುತ್ತಿದೆ. ಆ ತಂದೆಯ ಸ್ವಂತ ಮಗ ಮಾತ್ರ ಹಿತ್ತಲಲ್ಲಿ ಕದ್ದು ಉಣ್ಣುವವನ ಹಾಗೆ ಕೂತಿದ್ದಾನೆ. ಬಡಿಸಲು ಬಂದ ಅತ್ತಿಗೆಗೆ ದುಃಖ ಉಕ್ಕಿ ಬಂತು. ಅಣ್ಣ ಹೇಳಿದ ಹಾಗೆ ಓದಬಾರದೇ, ಎಲ್ಲರ ಜೊತೆ ಕೂತು ಉಣ್ಣಬಾರದೇ ಅಂತ ಕಣ್ಣೀರಿಟ್ಟಳು. ಅದನ್ನು ಕಂಡು ಹುಡುಗನ ಮನಸ್ಸು ಕರಗಿತು. ಮನೆಯಲ್ಲಿದ್ದೇ ಓದುತ್ತೇನೆ, ನನಗೊಂದು ಕೋಣೆ ಕೊಡಿ ಅಂತ ಕೇಳಿದ.

ಭಕ್ತರೇ, ಇದನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಲಕ್ಷಾಂತರ ಜನರಿಗೆ ಅನ್ನವಿಕ್ಕಿದ ಮಹಾತ್ಮರು ಒಂದು ಕಾಲಕ್ಕೆ ಸ್ವಂತ ಮನೆಯ ಹಿತ್ತಲಲ್ಲಿ ಕೂತು ಉಂಡವರು. ಅನ್ನ ಸಿಗದಿದ್ದರೆ ಹೊಟ್ಟೆ ನೋಯುತ್ತದೆ. ಅವಮಾನದ ಅನ್ನವಾದರೆ ಮನಸ್ಸೂ ನೋಯುತ್ತದೆ. ಎರಡನ್ನೂ ಅವರು ಒಂಬತ್ತು ವರ್ಷದೊಳಗೇ ಕಂಡಿದ್ದರು.

ಕನ್ನಡಿಯಲ್ಲಿ ಕಂಡ ತಣಿಕೈ ಸ್ವಾಮಿ

ಮಾಳಿಗೆಯ ಮೇಲೆ ಕೋಣೆ ಸಿಕ್ಕಿತು. ಹುಡುಗ ಗೋಡೆಗೆ ಒಂದು ಕನ್ನಡಿ ನಿಲ್ಲಿಸಿ, ಮುಂದೆ ದೀಪ ಹಚ್ಚಿ, ಹೂವಿಟ್ಟು, ಕದ ಹಾಕಿಕೊಂಡು ಧ್ಯಾನಕ್ಕೆ ಕೂತ. ಒಂದು ದಿನ ಆ ಕನ್ನಡಿಯಲ್ಲಿ ತನ್ನ ಮುಖ ಕಾಣಲಿಲ್ಲ. ಅದರ ಬದಲು ನೀವು ಈಗ ತಾನೇ ಕಣ್ತುಂಬ ನೋಡಿ ಬಂದಿರಲ್ಲ, ಈ ತಿರುತ್ತಣಿಯ ಸ್ವಾಮಿಯೇ ಅಲ್ಲಿ ದರ್ಶನ ಕೊಟ್ಟ. ಬೆಟ್ಟ ಹತ್ತದ ಹುಡುಗನಿಗಾಗಿ ಬೆಟ್ಟದ ದೇವರೇ ಮಾಳಿಗೆ ಹತ್ತಿ ಬಂದ ಎಂದು ಭಕ್ತರು ಕೊಂಡಾಡುತ್ತಾರೆ. ಆ ದರ್ಶನವನ್ನು ರಾಮಲಿಂಗರು ಹಾಡಾಗಿಯೂ ಹಾಡಿದ್ದಾರೆ. ತಿರುತ್ತಣಿಯ ಮೇಲೆ ಅವರು ಕಟ್ಟಿದ ಹಾಡುಗಳು ಹಲವಾರು.

ಇದಾದ ಕೆಲವು ಕಾಲಕ್ಕೆ ಅಣ್ಣನಿಗೆ ಮೈ ಹುಷಾರಿಲ್ಲದೆ ಪ್ರವಚನಕ್ಕೆ ಹೋಗಲು ಆಗಲಿಲ್ಲ. ಎರಡು ಹಾಡು ಹೇಳಿ, ಅಣ್ಣ ಬರುವುದಿಲ್ಲ ಅಂತ ತಿಳಿಸಿ ಬಾ ಎಂದು ತಮ್ಮನನ್ನು ಕಳಿಸಿದರು. ಹುಡುಗ ಅಲ್ಲಿ ಕೂತು ತಿರುಜ್ಞಾನಸಂಬಂಧರ ಚರಿತ್ರೆಯನ್ನು ಎಳೆ ಎಳೆಯಾಗಿ ಬಿಡಿಸಿ ಹೇಳತೊಡಗಿದ. ಕೇಳಿದವರು ಬೆರಗಾದರು. ಇನ್ನು ಮುಂದೆ ಇವರೇ ಪ್ರವಚನ ಮಾಡಲಿ ಅಂತ ಹಟ ಹಿಡಿದರು. ಗುರುವಿನ ಬಳಿ ಓದದವನಿಗೆ ಇಷ್ಟು ವಿದ್ಯೆ ಎಲ್ಲಿಂದ ಬಂತು ಅಂತ ಅಣ್ಣನಿಗೂ ಆಮೇಲೆ ಅರ್ಥವಾಯಿತು.

ತಿರುವೊಟ್ಟಿಯೂರಿನ ರಾತ್ರಿ

ಬೆಳೆದ ಮೇಲೆ ರಾಮಲಿಂಗರು ಮದರಾಸಿನ ಉತ್ತರಕ್ಕಿರುವ ತಿರುವೊಟ್ಟಿಯೂರಿನ ತ್ಯಾಗರಾಜ ಸ್ವಾಮಿ ಗುಡಿಗೆ ದಿನವೂ ನಡೆದು ಹೋಗುತ್ತಿದ್ದರು. ಒಂದು ರಾತ್ರಿ ಹಿಂದಿರುಗುವಾಗ ತುಂಬಾ ಹೊತ್ತಾಯಿತು. ಮನೆಯ ಕದ ಹಾಕಿತ್ತು. ಎಬ್ಬಿಸಿ ತೊಂದರೆ ಕೊಡುವುದು ಯಾಕೆ ಅಂತ ಹಸಿದ ಹೊಟ್ಟೆಯಲ್ಲೇ ಜಗಲಿಯ ಮೇಲೆ ಮಲಗಿದರು. ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದು ಎಬ್ಬಿಸಿ ಅನ್ನ ಬಡಿಸಿದಳು. ಉಂಡು ಮಲಗಿದರು. ಮತ್ತೆ ಕದ ತೆರೆದು ಅತ್ತಿಗೆ ಬಂದಳು, ಊಟಕ್ಕೆ ಏಳು ಅಂದಳು. ಈಗ ತಾನೇ ಬಡಿಸಿದಿರಲ್ಲ ಅಂತ ಅವರು ಹೇಳಿದಾಗ ಅತ್ತಿಗೆ ದಂಗಾದಳು. ಮೊದಲು ಬಂದವಳು ಅತ್ತಿಗೆಯಲ್ಲ, ಅವಳ ರೂಪದಲ್ಲಿ ಬಂದ ತಿರುವೊಟ್ಟಿಯೂರಿನ ವಡಿವುಡೈ ಅಮ್ಮನವರು ಎಂದು ನಂಬಿಕೆ.

ಈ ಕಥೆಯನ್ನು ಇನ್ನೊಂದು ರೀತಿಯಲ್ಲೂ ನೋಡಬಹುದು. ದೇವಿ ಬರಬೇಕೆಂದಾಗ ಸಿಂಹದ ಮೇಲೆ ಬರಲಿಲ್ಲ, ಅನ್ನದ ತಟ್ಟೆ ಹಿಡಿದ ಅತ್ತಿಗೆಯ ಹಾಗೆ ಬಂದಳು. ಹಸಿದವನಿಗೆ ಅನ್ನ ಹಿಡಿದು ಬಂದವರ ಮುಖ ದೇವರ ಮುಖದ ಹಾಗೆಯೇ ಕಾಣುತ್ತದೆ.

ಪಟ್ಟಣ ಬಿಟ್ಟು ಹಳ್ಳಿಗೆ

ಮನೆಯವರ ಒತ್ತಾಯಕ್ಕೆ 1850ರಲ್ಲಿ ಅಕ್ಕನ ಮಗಳೊಂದಿಗೆ ಮದುವೆಯಾಯಿತು. ಆದರೆ ಸಂಸಾರಕ್ಕೆ ಮನಸ್ಸು ಅಂಟಲಿಲ್ಲ. 1858ರ ವೇಳೆಗೆ ಮದರಾಸು ಬಿಟ್ಟು ಕ್ಷೇತ್ರಗಳನ್ನು ದರ್ಶಿಸುತ್ತಾ ಚಿದಂಬರದ ಕಡೆ ಬಂದರು. ಕರುಂಗುಳಿ ಎಂಬ ಹಳ್ಳಿಯ ವೆಂಕಟ ರೆಡ್ಡಿಯಾರ್ ಎಂಬುವರು ತಮ್ಮ ಮನೆಯಲ್ಲಿ ಇರಿಸಿಕೊಂಡರು. ಸುಮಾರು ಒಂಬತ್ತು ವರ್ಷ ಅಲ್ಲೇ ಇದ್ದರು.

ಅವರು ಕಾವಿ ಉಡಲಿಲ್ಲ. ಬಿಳಿಯ ವಸ್ತ್ರ ಉಟ್ಟು, ಅದನ್ನೇ ತಲೆಯ ಮೇಲೆ ಮುಸುಕು ಹಾಕಿಕೊಳ್ಳುತ್ತಿದ್ದರು. ಪಲ್ಲಕ್ಕಿ, ಬಿರುದು, ಆಡಂಬರ ಒಂದೂ ಇಲ್ಲ. ಕೈಗೆ ಬಂದ ಹಣವನ್ನು ಇಟ್ಟುಕೊಳ್ಳುತ್ತಿರಲಿಲ್ಲ. 1865ರಲ್ಲಿ ಸನ್ಮಾರ್ಗ ಸಂಘವನ್ನು ಕಟ್ಟಿದರು. ಎಲ್ಲ ಜೀವಿಗಳೂ ಒಂದೇ ಕುಲ, ದೇವರು ಜ್ಯೋತಿ ಸ್ವರೂಪ, ಜೀವಕಾರುಣ್ಯವೇ ಅವನನ್ನು ಸೇರುವ ದಾರಿ ಅನ್ನುವುದು ಅದರ ಸಾರ.

ಅವು ಕಷ್ಟದ ವರ್ಷಗಳು. 1866ರಲ್ಲಿ ಒರಿಸ್ಸಾದಲ್ಲಿಯೂ ಮದರಾಸು ಪ್ರಾಂತ್ಯದ ಉತ್ತರ ಭಾಗದಲ್ಲಿಯೂ ಭೀಕರ ಬರ ಬಿತ್ತು. ಒರಿಸ್ಸಾ ಸೀಮೆಯಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. ಬೇರೆ ಕಡೆಗಳಲ್ಲೂ ಧಾನ್ಯದ ಬೆಲೆ ಏರಿ ಬಡವರ ಮಡಕೆ ಬರಿದಾಯಿತು. ಒಣಗಿದ ಪೈರನ್ನು ಕಂಡು, ಮನೆಮನೆ ಬೇಡಿದರೂ ತುತ್ತು ಸಿಗದೆ ಸೋತವರನ್ನು ಕಂಡು ಸ್ವಾಮಿಗಳು ಎಷ್ಟು ನೊಂದರೆಂಬುದು ಅವರ ಹಾಡುಗಳಿಂದಲೇ ತಿಳಿಯುತ್ತದೆ. ನೊಂದು ಹಾಡಿದರೆ ಸಾಲದು, ಏನಾದರೂ ಮಾಡಬೇಕು ಅಂತ ಅವರಿಗೆ ಅನ್ನಿಸಿತು.

ಊರು ಕೊಟ್ಟ ಭೂಮಿ

ಮಾಡಬೇಕು ಸರಿ, ಯಾವುದರಿಂದ ಮಾಡುವುದು? ಅವರ ಹಿಂದೆ ರಾಜ ಇರಲಿಲ್ಲ, ಪಾಳೆಯಗಾರ ಇರಲಿಲ್ಲ, ಹಳೆಯ ಮಠದ ಉಂಬಳಿ ಇರಲಿಲ್ಲ. ಆಗ ಮುಂದೆ ಬಂದವರು ರೈತರು. ಕರುಂಗುಳಿಯ ಹತ್ತಿರದ ಪಾರ್ವತಿಪುರದ ಜನ, ಎಂದರೆ ಈಗಿನ ವಡಲೂರಿನವರು, ಊರ ಬಯಲಿನಲ್ಲಿ 80 ಕಾಣಿ ಭೂಮಿಯನ್ನು ಸ್ವಾಮಿಗಳ ಕೆಲಸಕ್ಕೆ ಬಿಟ್ಟುಕೊಟ್ಟರು. ಇಂದಿನ ಲೆಕ್ಕದಲ್ಲಿ ಅದು ನೂರು ಎಕರೆಗೂ ಹೆಚ್ಚು. ಒಬ್ಬ ಶ್ರೀಮಂತನ ದಾನವಲ್ಲ ಅದು. ಊರಿನ ಹಲವಾರು ಮಂದಿ ಕೂಡಿ ಕೊಟ್ಟದ್ದು.

ಜಮೀನು ಬಿಡುವುದು ರೈತನಿಗೆ ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ. ಬದುವಿನ ಒಂದು ಗೇಣಿಗೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಬರದ ನೆನಪು ಇನ್ನೂ ಹಸಿಯಾಗಿದ್ದ ಆ ಕಾಲದಲ್ಲಿ, ನಾಳೆ ತಮ್ಮ ಮನೆಗೇ ಸಾಲದೆ ಹೋದೀತೆಂಬ ಭಯ ಇದ್ದರೂ, ಊರಿನವರು ಕೊಟ್ಟರು. ವಳ್ಳಲಾರ್ ಎಂಬ ಬಿರುದು ಸ್ವಾಮಿಗಳಿಗೆ ಸೇರಿದ್ದು ನಿಜ. ಅದರಲ್ಲಿ ಒಂದು ಪಾಲು ಆ ಊರಿನ ಜನಕ್ಕೂ ಸೇರಬೇಕು.

ಒಲೆ ಹೊತ್ತಿದ ದಿನ

ಪ್ರಭವ ಸಂವತ್ಸರ, ತಮಿಳು ಪಂಚಾಂಗದ ವೈಕಾಸಿ ತಿಂಗಳ 11, ಎಂದರೆ 1867ರ ಮೇ 23. ಆ ದಿನ ವಡಲೂರಿನಲ್ಲಿ ಸತ್ಯ ಧರ್ಮಶಾಲೆ ಆರಂಭವಾಯಿತು. ಸ್ವಾಮಿಗಳಿಗೆ ಆಗ 43 ವರ್ಷ. ಅವರು ತಮ್ಮ ಕೈಯಾರೆ ಒಲೆಗೆ ಬೆಂಕಿ ಹಚ್ಚಿದರು. 21 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಆಳದ ದೊಡ್ಡ ಒಲೆ ಅದು. ಸಾಲಾಗಿ ಕೊಪ್ಪರಿಗೆ ಇಟ್ಟು ಒಟ್ಟಿಗೇ ಬೇಯಿಸಬಹುದು. ಅಂದು ಹೊತ್ತಿಸಿದ ಬೆಂಕಿ ಇಂದಿನವರೆಗೂ ಆರಿಲ್ಲ. ಒಂದು ಹೊತ್ತಿನ ಅಡುಗೆ ಮುಗಿದರೆ ಕೆಂಡ ಕಾದಿಟ್ಟು, ಮತ್ತೆ ಸೌದೆ ಹಾಕಿ ಮುಂದಿನ ಹೊತ್ತಿಗೆ ಉರಿಸುತ್ತಾರೆ. ಆರದ ಒಲೆ ಅಂತಲೇ ಅದಕ್ಕೆ ಹೆಸರು.

ಉಣ್ಣಲು ಬಂದವರನ್ನು ಯಾವ ಊರು, ಯಾವ ಜಾತಿ, ಯಾವ ಮತ ಎಂದು ಕೇಳಕೂಡದು ಅನ್ನುವುದು ಧರ್ಮಶಾಲೆಯ ಮೊದಲ ನಿಯಮ. ಇಂದು ಇದು ಸಾಮಾನ್ಯ ಮಾತಾಗಿ ಕಾಣಬಹುದು. 1867ರಲ್ಲಿ ಹಾಗಿರಲಿಲ್ಲ. ಛತ್ರಗಳಲ್ಲಿ ಜಾತಿ ನೋಡಿ ಎಲೆ ಹಾಕುತ್ತಿದ್ದ ಕಾಲ ಅದು. ಇಂಥವರಿಗೆ ಮಾತ್ರ ಒಳಗೆ, ಇಂಥವರಿಗೆ ಹೊರಗೆ ಅಂತ ಗೆರೆ ಎಳೆದಿದ್ದ ಕಾಲ. ಹಿತ್ತಲಲ್ಲಿ ಕೂತು ಉಂಡ ಹುಡುಗ ದೊಡ್ಡವನಾದ ಮೇಲೆ, ಹಿತ್ತಲ ಬಾಗಿಲೇ ಇಲ್ಲದ ಒಂದು ಅನ್ನದ ಮನೆ ಕಟ್ಟಿದ.

ಹಸಿವಿನ ವಿಚಾರ

ಧರ್ಮಶಾಲೆಯ ಆರಂಭದಲ್ಲಿ ಸ್ವಾಮಿಗಳು ಬರೆದ ಜೀವಕಾರುಣ್ಯ ಒಳುಕ್ಕಂ ಎಂಬ ಗದ್ಯಗ್ರಂಥದ ಭಾಗವನ್ನು ಓದಲಾಯಿತು. ಜೀವಕಾರುಣ್ಯದ ನಡತೆ ಎಂದು ಅದರ ಅರ್ಥ. ಅದರ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ.

ಹಸಿವು ಬಡವನ ಹೊಟ್ಟೆಗೆ ಮಾತ್ರ ಹತ್ತುವುದಲ್ಲ, ಅವನ ಬುದ್ಧಿಗೂ ಹತ್ತುತ್ತದೆ. ಕಣ್ಣು ಗುಳಿ ಬೀಳುತ್ತದೆ, ಕಿವಿ ಗುಂಯ್‌ಗುಡುತ್ತದೆ, ಕೈಕಾಲು ಸೋಲುತ್ತವೆ, ಮಾತು ತಡವರಿಸುತ್ತದೆ, ದೇವರ ನೆನಪೂ ಮಾಸಿ ಹೋಗುತ್ತದೆ. ಅದೇ ಮನುಷ್ಯನಿಗೆ ಒಂದು ಹೊತ್ತು ಅನ್ನ ಕೊಡಿ. ಮುಖ ಅರಳುತ್ತದೆ, ಕಣ್ಣಿಗೆ ಕಳೆ ಬರುತ್ತದೆ, ಬುದ್ಧಿ ತಿಳಿಯಾಗುತ್ತದೆ, ಭಕ್ತಿಯೂ ತಾನಾಗಿ ಮರಳುತ್ತದೆ. ಆದ್ದರಿಂದ ಹಸಿದವನಿಗೆ ಮೊದಲು ಅನ್ನ, ಉಪದೇಶ ಆಮೇಲೆ.

ಸ್ವಾಮಿಗಳು ಮಾಂಸಾಹಾರವನ್ನು ಒಪ್ಪಿದವರಲ್ಲ. ಆದರೂ ಮಾಂಸ ತಿನ್ನುವವನು ಹಸಿದು ಬಂದರೆ ಅವನ ಹಸಿವನ್ನು ನೀಗಿಸಲೇಬೇಕು ಎಂದರು. ತನ್ನ ದಾರಿಗೆ ಬಂದರೆ ಮಾತ್ರ ಅನ್ನ ಎಂಬ ಷರತ್ತು ಹಾಕಲಿಲ್ಲ. ಮನುಷ್ಯರಷ್ಟೇ ಅಲ್ಲ, ಪಶು ಪಕ್ಷಿ ಇರುವೆಗಳ ಹಸಿವೂ ಹಸಿವೇ ಎಂದರು.

ಇನ್ನೊಂದು ಮುಖ್ಯ ಮಾತು. ಹೆಂಡತಿ ಮಕ್ಕಳನ್ನು ಉಪವಾಸ ಕೆಡವಿ ಹೊರಗಿನವರಿಗೆ ದಾನ ಮಾಡುವುದನ್ನು ಅವರು ಒಪ್ಪಲಿಲ್ಲ. ನೆರೆಯವನು ಹಸಿದಿರುವಾಗ ತನ್ನ ಮನೆಯವರಿಗೆ ಮಾತ್ರ ಬಡಿಸಿಕೊಳ್ಳುವುದನ್ನೂ ಒಪ್ಪಲಿಲ್ಲ. ಅವರವರ ಶಕ್ತಿಗೆ ತಕ್ಕಷ್ಟು ಕೊಡಬೇಕು. ಮದುವೆ ಮುಂಜಿಗಳಲ್ಲಿ ಮೆರವಣಿಗೆ, ಆಡಂಬರಕ್ಕೆ ಸುರಿಯುವ ಹಣದಲ್ಲಿ ಒಂದಷ್ಟು ಬಡವರ ಎಲೆಗೆ ಬಂದರೆ ಆ ಮನೆಗೆ ಆಗುವ ಶುಭವೇ ಬೇರೆ ಎಂಬುದು ಅವರ ಅಭಿಪ್ರಾಯ. ಹೀಗೆ ಸಾಮಾನ್ಯ ಸಂಸಾರಿಯೂ ಮಾಡಬಹುದಾದ ಧರ್ಮವನ್ನೇ ಅವರು ಹೇಳಿದರು.

ಅಕ್ಕಿ ಮುಗಿದ ದಿನ

ದಿನವೂ ಬೇಯಿಸುವ ಒಲೆಗೆ ದಿನವೂ ಅಕ್ಕಿ ಬೇಕು. ಉಗ್ರಾಣದಲ್ಲಿ ಎಲ್ಲ ದಿನವೂ ಇರುತ್ತಿರಲಿಲ್ಲ. ಒಂದು ದಿನ ಧರ್ಮಶಾಲೆ ನೋಡಿಕೊಳ್ಳುತ್ತಿದ್ದ ಶಿಷ್ಯರು ಬಂದು, ನಾಳೆಯ ಅಡುಗೆಗೆ ಅಕ್ಕಿಯಿಲ್ಲ ಅಂತ ತಿಳಿಸಿದರು. ಸ್ವಾಮಿಗಳು ಸ್ವಲ್ಪ ಹೊತ್ತು ಏಕಾಂತದಲ್ಲಿದ್ದು, ನಾಳೆ ಬರುತ್ತದೆ, ಚಿಂತೆ ಬೇಡ ಎಂದರಂತೆ. ಮರುದಿನ ತಿರುತ್ತುರೈಯೂರಿನ ಕಡೆಯಿಂದ ಅಕ್ಕಿ ಹೇರಿದ ಗಾಡಿಗಳು ಬಂದು ನಿಂತವು. ರಾತ್ರಿ ತನಗೆ ಕನಸಾಯಿತು, ಅದಕ್ಕೇ ತಂದೆ ಅಂತ ತಂದವರು ಹೇಳಿದರಂತೆ.

ಇದನ್ನು ಪವಾಡ ಅಂತ ಭಕ್ತರು ಹೇಳ್ತಾರೆ. ಪವಾಡವೇ ಸರಿ. ಆದರೆ ಅಕ್ಕಿ ಆಕಾಶದಿಂದ ಉದುರಲಿಲ್ಲ, ಯಾರೋ ಒಬ್ಬರ ಕಣಜದಿಂದ ಬಂತು, ಎತ್ತಿನ ಗಾಡಿಯ ಮೇಲೆ ಬಂತು. ದೇವರು ಮಾಡಿದ್ದು ಆ ಮನುಷ್ಯನ ನಿದ್ದೆ ಕೆಡಿಸಿದ್ದು. ಮಿಕ್ಕಿದ್ದನ್ನು ಮನುಷ್ಯನೇ ಮಾಡಬೇಕಾಯಿತು.

ಜ್ಞಾನಸಭೆ ಮತ್ತು ಕೊನೆಯ ದಿನಗಳು

ಸ್ವಾಮಿಗಳು 1870ರಲ್ಲಿ ವಡಲೂರಿನ ಪಕ್ಕದ ಮೇಟ್ಟುಕುಪ್ಪಕ್ಕೆ ಹೋಗಿ ನೆಲೆಸಿದರು. ವಡಲೂರಿನಲ್ಲಿ ಎಂಟು ಮೂಲೆಯ ಸತ್ಯಜ್ಞಾನಸಭೆಯನ್ನು ಕಟ್ಟಿಸಿದರು. 1872ರ ಜನವರಿ 25, ತೈಪೂಸದ ದಿನ ಅಲ್ಲಿ ಮೊದಲ ಜ್ಯೋತಿ ದರ್ಶನ ನಡೆಯಿತು. ಒಳಗೆ ವಿಗ್ರಹವಿಲ್ಲ. ಏಳು ತೆರೆಗಳನ್ನು ಒಂದೊಂದಾಗಿ ಸರಿಸಿದರೆ ಹಿಂದೆ ಜ್ಯೋತಿ ಮಾತ್ರ. ಕ್ರಮ ಗಮನಿಸಿ. ಒಲೆ ಹೊತ್ತಿದ್ದು 1867ರಲ್ಲಿ, ಜ್ಯೋತಿ ಬೆಳಗಿದ್ದು 1872ರಲ್ಲಿ. ಮೊದಲು ಅಡುಗೆಮನೆ, ಐದು ವರ್ಷದ ಮೇಲೆ ಗುಡಿ.

ಆದರೆ ಕೊನೆಯ ದಿನಗಳಲ್ಲಿ ಸ್ವಾಮಿಗಳ ಮನಸ್ಸಿಗೆ ನೋವಿತ್ತು. ತಾನು ಇಷ್ಟು ಹೇಳಿದರೂ ಜನ ಪೂರಾ ಒಪ್ಪಿ ನಡೆಯಲಿಲ್ಲ, ಪವಾಡಕ್ಕಾಗಿ ಬಂದವರು ಹೆಚ್ಚು, ದಾರಿಗಾಗಿ ಬಂದವರು ಕಡಿಮೆ ಎಂಬ ಕೊರಗು ಅವರಿಗಿತ್ತು. ಅವರ ಹಾಡುಗಳ ವಿಷಯದಲ್ಲಿ ವಿದ್ವಾಂಸರಲ್ಲಿ ವಿರೋಧವೆದ್ದು, ಮಾತು ನ್ಯಾಯಾಲಯದವರೆಗೂ ಹೋಗಿತ್ತು. ಮಹಾತ್ಮರ ಬಾಳು ಹೂವಿನ ಹಾಸಿಗೆ ಅಂತ ನಾವು ತಿಳಿಯಬಾರದು.

1874ರ ಜನವರಿ 30ರ ರಾತ್ರಿ, ಮೇಟ್ಟುಕುಪ್ಪದ ಮನೆಯ ಕೋಣೆಯೊಳಗೆ ಹೋಗಿ ಕದ ಹಾಕಿಕೊಂಡರು. ತೆರೆಯಬೇಡಿ ಅಂತ ಶಿಷ್ಯರಿಗೆ ಹೇಳಿದ್ದರು. ಆಮೇಲೆ ಅವರನ್ನು ಕಂಡವರಿಲ್ಲ. ಅಧಿಕಾರಿಗಳು ಬಂದು ಕದ ತೆರೆಸಿದಾಗ ಕೋಣೆ ಬರಿದಾಗಿತ್ತು, ಸ್ವಾಮಿಗಳು ಜ್ಯೋತಿಯಲ್ಲಿ ಐಕ್ಯರಾದರು ಎಂದು ಭಕ್ತರ ನಂಬಿಕೆ. ದಕ್ಷಿಣ ಆರ್ಕಾಟಿನ ಕಲೆಕ್ಟರಾಗಿದ್ದ ಗಾರ್ಸ್ಟಿನ್ ಎಂಬ ಇಂಗ್ಲಿಷರು 1878ರ ತಮ್ಮ ಜಿಲ್ಲಾ ವಿವರಣೆಯ ಗ್ರಂಥದಲ್ಲಿಯೂ ಈ ಸಂಗತಿಯನ್ನು ದಾಖಲಿಸಿದ್ದಾರೆ. ಆಗ ಸ್ವಾಮಿಗಳ ವಯಸ್ಸು 50.

ಒಲೆ ಉಳಿದದ್ದು

ಗುರು ಹೋದ ಮೇಲೆ ಎಷ್ಟೋ ಕೆಲಸಗಳು ನಿಂತುಹೋಗುತ್ತವೆ. ಇಲ್ಲಿ ಪರೀಕ್ಷೆ ಬೇಗನೇ ಬಂತು. ಎರಡೇ ವರ್ಷಕ್ಕೆ, 1876ರಿಂದ 1878ರವರೆಗೆ, ದಕ್ಷಿಣ ದೇಶದ ಮೇಲೆ ಮಹಾಬರ ಎರಗಿತು. ಧಾತು, ಈಶ್ವರ ಸಂವತ್ಸರಗಳ ಬರ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಮದರಾಸು ಪ್ರಾಂತ್ಯದಲ್ಲಿ ಲಕ್ಷ ಲಕ್ಷ ಜನ ಸತ್ತರು. ನಮ್ಮ ಮೈಸೂರು ಸೀಮೆಯಲ್ಲೇ ಸುಮಾರು ಹತ್ತು ಲಕ್ಷ ಜನ ಹೋದರು. ಊರಿಗೆ ಊರೇ ಹಾಳು ಬಿದ್ದವು.

ಅಂಥ ಬರದ ಮುಂದೆ ಒಂದು ಊರಿನ ಒಂದು ಒಲೆ ಎಷ್ಟರದು? ಅಷ್ಟು ದೊಡ್ಡ ಹಸಿವನ್ನು ಅದೊಂದೇ ನೀಗಿಸಲಾಗದು, ನಿಜ. ಆದರೆ ಒಲೆ ಆರಲಿಲ್ಲ. ಸ್ವಾಮಿಗಳ ಶಿಷ್ಯರಾದ ಕಲ್ಪಟ್ಟು ಅಯ್ಯ ಮೊದಲಾದವರು ಧರ್ಮಶಾಲೆಯಲ್ಲೇ ಇದ್ದು ಕೆಲಸ ನಡೆಸಿದರು. ಅವರ ನಂತರ ಬೇರೆಯವರು. ಗುರು ಇಲ್ಲ, ಒಲೆ ಇದೆ. ಕಾರಣ, ಅದು ಒಬ್ಬರ ಜೇಬಿನಿಂದ ಉರಿಯುವ ಒಲೆ ಆಗಿರಲಿಲ್ಲ. ಒಬ್ಬನ ಮನೆಯಲ್ಲಿ ಬೆಳೆ ಹೋದರೆ ಇನ್ನೊಬ್ಬನ ಮನೆಯಿಂದ ಒಂದು ಸೇರು ಬರುತ್ತಿತ್ತು. ದುಡ್ಡಿಲ್ಲದವನು ಸೌದೆ ತಂದ. ಅದೂ ಇಲ್ಲದವನು ತರಕಾರಿ ಹೆಚ್ಚಿದ, ನೀರು ಸೇದಿದ, ಎಲೆ ಎತ್ತಿದ. ದೊಡ್ಡ ದಾನಿಯೊಬ್ಬನನ್ನೇ ನಂಬಿದ ಛತ್ರ ಆ ದಾನಿಯ ಜೊತೆಗೇ ಮುಚ್ಚುತ್ತದೆ. ಊರೆಲ್ಲ ಕೈ ಹಚ್ಚಿದ ಛತ್ರ ಮುಚ್ಚುವುದು ಕಷ್ಟ.

ಈಗ ಧರ್ಮಶಾಲೆ ತಮಿಳುನಾಡು ಸರ್ಕಾರದ ಧರ್ಮಾದಾಯ ಇಲಾಖೆಯ ಆಡಳಿತದಲ್ಲಿದೆ. ಆದರೂ ಅಕ್ಕಿ, ಬೇಳೆ, ತರಕಾರಿ ಹೊತ್ತು ಹಳ್ಳಿಗಳಿಂದ ಜನ ಬರುವುದು ನಿಂತಿಲ್ಲ. ತೈಪೂಸದ ಜ್ಯೋತಿ ದರ್ಶನಕ್ಕೆ ಲಕ್ಷಗಟ್ಟಲೆ ಭಕ್ತರು ಸೇರುತ್ತಾರೆ, ಸುತ್ತಲ ಊರಿನವರು ಅಲ್ಲಲ್ಲಿ ಚಪ್ಪರ ಹಾಕಿ ಅನ್ನ ಬಡಿಸುತ್ತಾರೆ. ಸ್ವಾಮಿಗಳು ಹುಟ್ಟಿದ ಅಕ್ಟೋಬರ್ 5ನ್ನು ಮಹಾಕರುಣೆಯ ದಿನವೆಂದು ಆಚರಿಸಲು ತಮಿಳುನಾಡು ಸರ್ಕಾರ 2021ರಲ್ಲಿ ಘೋಷಿಸಿತು. 2023ರಲ್ಲಿ ಅವರು ಹುಟ್ಟಿ ಇನ್ನೂರು ವರ್ಷ ತುಂಬಿತು.

ಭಕ್ತಾದಿಗಳಲ್ಲಿ ಒಂದು ಬಿನ್ನಹ

ಕನ್ನಡ ನಾಡಿನವರಾದ ನಮಗೆ ಈ ವಿಚಾರ ಹೊಸದೇನಲ್ಲ. ಬಸವಣ್ಣನವರು ಕಲಿಸಿದ ದಾಸೋಹ ನಮ್ಮದು. ಧರ್ಮಸ್ಥಳದಲ್ಲಿ ಉಂಡು ಬಂದವರು ನಾವು. ಸಿದ್ಧಗಂಗೆಯ ಬೆಟ್ಟದ ಬುಡದಲ್ಲಿ ಸಾವಿರಾರು ಮಕ್ಕಳ ಪಂಕ್ತಿ ಕಂಡವರು ನಾವು. ಅಲ್ಲಿಗೂ ರೈತರು ಸುಗ್ಗಿಯಲ್ಲಿ ರಾಗಿ ಅಕ್ಕಿ ತಂದು ಹಾಕುತ್ತಾರೆ. ಭಾಷೆ ಬೇರೆ, ಸಂಪ್ರದಾಯ ಬೇರೆ, ಒಲೆಯ ಬೆಂಕಿ ಒಂದೇ.

ಆದರೆ ನಾವು ಒಂದು ತಪ್ಪು ಮಾಡುತ್ತೇವೆ. ಕ್ಷೇತ್ರಕ್ಕೆ ಬಂದಾಗ ಅನ್ನದಾನದ ಹುಂಡಿಗೆ ಕಾಣಿಕೆ ಹಾಕಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಕಿ, ಅದು ಒಳ್ಳೆಯದೇ. ಊರಿಗೆ ಹೋದ ಮೇಲೆ? ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂಟಿ ಮುದುಕಿ ಇವತ್ತು ಒಲೆ ಹಚ್ಚಿದಳೋ ಇಲ್ಲವೋ ನಮಗೆ ಗೊತ್ತಿರುವುದಿಲ್ಲ. ಕೂಲಿ ಸಿಗದ ವಾರ ಆಳುಮಗನ ಮಕ್ಕಳು ಏನು ತಿಂದರೋ ಕೇಳುವುದಿಲ್ಲ. ಕೇಳಿದರೆ ಅವರಿಗೆ ನಾಚಿಕೆ, ಕೇಳದಿದ್ದರೆ ನಮಗೆ ನೆಮ್ಮದಿ.

ಹಿಂದೆ ನಮ್ಮ ಅಜ್ಜಿಯಂದಿರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ತಿಂಗಳಿಗೆ ಅದು ಸೇರುಗಟ್ಟಲೆ ಆಗುತ್ತಿತ್ತು, ಮಠಕ್ಕೋ ಬಡವರಿಗೋ ಹೋಗುತ್ತಿತ್ತು. ಒಂದು ಹಿಡಿಯಿಂದ ಯಾರ ಮನೆಯೂ ಬಡವಾಗಲಿಲ್ಲ. ಒಬ್ಬರೇ ಮಾಡಿದರೆ ಒಂದು ಮಡಕೆ. ಬೀದಿಯಲ್ಲಿ ಹತ್ತು ಮನೆ ಸೇರಿದರೆ ಒಂದು ಮೂಟೆ. ಊರು ಸೇರಿದರೆ ಒಂದು ಒಲೆಯನ್ನೇ ಆರದಂತೆ ಕಾಯಬಹುದು. ವಡಲೂರಿನವರು ಮಾಡಿ ತೋರಿಸಿದ್ದು ಇದನ್ನೇ. ಕೊಡುವಾಗ ಮಾತ್ರ ಒಂದು ಎಚ್ಚರ ಇರಲಿ. ಹಿತ್ತಲ ಬಾಗಿಲಲ್ಲಿ ಕೂರಿಸಿ ಕೊಡಬೇಡಿ. ಪಂಕ್ತಿಯಲ್ಲಿ ಕೂರಿಸಿ ಕೊಡಿ.

ವಡಲೂರಿಗೆ ಹೋಗಿ ಬರಬೇಕೆನ್ನುವವರಿಗೆ: ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ, ನೆಯ್ವೇಲಿಯ ಹತ್ತಿರ ಈ ಊರಿದೆ. ಕಡಲೂರಿನಿಂದಲೂ ಚಿದಂಬರದಿಂದಲೂ ಬಸ್ಸಿನಲ್ಲಿ ಹೋಗಬಹುದು. ಕಡಲೂರು–ವಿರುದಾಚಲಂ ರೈಲು ಮಾರ್ಗದಲ್ಲಿ ವಡಲೂರಿಗೇ ನಿಲ್ದಾಣವಿದೆ. ಸತ್ಯಜ್ಞಾನಸಭೆ, ಧರ್ಮಶಾಲೆ, ಆರದ ಒಲೆ ಇವನ್ನು ನೋಡಿ, ಅಲ್ಲೇ ಪಂಕ್ತಿಯಲ್ಲಿ ಕೂತು ಉಂಡು, ಸಾಧ್ಯವಾದರೆ ಸ್ವಲ್ಪ ಹೊತ್ತು ಬಡಿಸಿ ಬನ್ನಿ. ಮೇಟ್ಟುಕುಪ್ಪವೂ ಸಮೀಪದಲ್ಲೇ ಇದೆ.

ಇನ್ನು ಏಳಿ, ಹೊತ್ತಾಯಿತು. ಬೆಟ್ಟದ ಮೇಲೆ ಅನ್ನದಾನ ಉಂಟು, ಪ್ರಸಾದ ಸ್ವೀಕರಿಸಿ. ಎಲೆಯ ಮುಂದೆ ಕೂತಾಗ ಮಾಳಿಗೆಯ ಕನ್ನಡಿಯಲ್ಲಿ ಈ ಸ್ವಾಮಿಯನ್ನು ಕಂಡ ಹುಡುಗನನ್ನೂ, ಹಿತ್ತಲಲ್ಲಿ ಅವನಿಗೆ ಅನ್ನವಿಕ್ಕಿದ ಅತ್ತಿಗೆಯನ್ನೂ ಒಮ್ಮೆ ನೆನೆಯಿರಿ. ಪಕ್ಕದ ಎಲೆಗೆ ಅನ್ನ ಬಿತ್ತೇ ಅಂತ ನೋಡಿ, ಆಮೇಲೆ ಕೈ ಇಡಿ.

ತಣಿಕೈಯ ಸ್ವಾಮಿ ಎಲ್ಲರ ಹಸಿವನ್ನೂ ತಣಿಸಲಿ. ಎಲ್ಲರಿಗೂ ಶುಭವಾಗಲಿ.